ಹದಿನೇಳನೆಯ ಅಣು

ಹಳದಿಯಾಗಿಯೇ ಉಳಿಯಬೇಕಾಗಿದ್ದ ಪರೀಕ್ಷಾ ದ್ರವ ಗಜಾಲಾಳ ಕಣ್ಣೆದುರೇ ನೇರಳೆಗೆ ತಿರುಗಿತು. ಜನವರಿಯ ಒಂದು ಮಂಗಳವಾರ, ಬೆಳಗ್ಗೆ ಹತ್ತೂವರೆ. ಕೈತಪ್ಪಿ ಬೇರೇನೋ ಬಿದ್ದಿರಬಹುದೆಂದು ಹೊಸ ಕೊಳವೆ ತೆಗೆದು ಮತ್ತೆ ಹನಿ ಹಾಕಿದಳು. ಮತ್ತೆ ನೇರಳೆ.

ಆ ಬಣ್ಣದ ಅರ್ಥ ಅವಳಿಗೆ ಗೊತ್ತಿತ್ತು. ಬಿಡಿ ಲೋಹ ತಗುಲಿದರಷ್ಟೇ ಆ ದ್ರವ ನೇರಳೆಯಾಗುತ್ತದೆ. ಪಂಜರ ಒಡೆದಿದೆ, ಲೋಹ ಹೊರಗೆ ಬಂದಿದೆ.

ಹೆಸರಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಸಂಶೋಧನಾ ಸಂಸ್ಥೆಯೊಂದರಲ್ಲಿ ಗಜಾಲಾ ಐದು ವರ್ಷದಿಂದ ಒಂದೇ ಕೆಲಸದ ಬೆನ್ನು ಹತ್ತಿದ್ದಳು. ಎಂಆರ್‌ಐ ಸ್ಕ್ಯಾನಿನಲ್ಲಿ ಗಡ್ಡೆ ಎದ್ದು ಕಾಣಲೆಂದು ರೋಗಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿರುವುದು ಗ್ಯಾಡೋಲಿನಿಯಮ್ ಎಂಬ ಲೋಹ. ಬಿಡಿಯಾಗಿ ರಕ್ತಕ್ಕೆ ಸೇರಿದರೆ ಅದು ವಿಷ. ಆದ್ದರಿಂದ ಅದನ್ನು ಇಂಗಾಲ, ಸಾರಜನಕಗಳಿಂದ ಕಟ್ಟಿದ ಪಂಜರದಂಥ ಅಣುವಿನೊಳಗೆ ಕೂರಿಸಿರುತ್ತಾರೆ. ಕೆಲಸ ಮುಗಿಸಿ ಪಂಜರದ ಸಮೇತ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಗಜಾಲಾ ಮಾಡಹೊರಟಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅದೇ ಅಣುವಿಗೆ ಯುರೋಪಿಯಮ್ ಎಂಬ ಎರಡನೆಯ ಲೋಹವನ್ನೂ, ಬೆಳಕು ಹಿಡಿಯುವ ಒಂದು ತೋಳನ್ನೂ ಜೋಡಿಸಿದ್ದಳು. ನೇರಳಾತೀತ ದೀಪ ಹಿಡಿದರೆ ಅದು ಕೆಂಪಗೆ ಹೊಳೆಯುತ್ತಿತ್ತು. ಅಂದರೆ ಆಪರೇಷನ್ನಿಗೆ ಮೊದಲು ಸ್ಕ್ಯಾನಿನಲ್ಲಿ ಕಂಡ ಗಡ್ಡೆ, ಹೊಟ್ಟೆ ಕೊಯ್ದ ಮೇಲೆ ದೀಪದ ಕೆಳಗೂ ಕಾಣಬೇಕು. ಎಲ್ಲಿಯವರೆಗೆ ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಡಾಕ್ಟರಿಗೆ ಗೊತ್ತಾಗಬೇಕು. ಹದಿನಾರು ಅಣುಗಳು ಸೋತಿದ್ದವು. ಹದಿನೇಳನೆಯದು ಗೆದ್ದಿತ್ತು. ಲ್ಯಾಬಿನಲ್ಲಿ ಅದಕ್ಕೆ ‘ಹದಿನೇಳು’ ಎಂದೇ ಹೆಸರು.

ಇಲಿಗಳಲ್ಲಿ ಹದಿನೇಳು ಚೆನ್ನಾಗಿ ಕೆಲಸ ಮಾಡಿತ್ತು. ಫೆಬ್ರವರಿ ಎರಡನೇ ವಾರಕ್ಕೆ ಯಲಹಂಕದ ಪ್ರಾಣಿ ಚಿಕಿತ್ಸಾಲಯದಲ್ಲಿ ಗಡ್ಡೆಯಿರುವ ನಾಯಿಗಳಿಗೆ ಕೊಟ್ಟು ನೋಡಲು ನೈತಿಕ ಸಮಿತಿಯ ಒಪ್ಪಿಗೆಯೂ ಬಂದಿತ್ತು. ಅದಕ್ಕಾಗಿಯೇ ಡಿಸೆಂಬರಿನಲ್ಲಿ ಹನ್ನೆರಡು ಸೀಸೆ ಮಾಡಿ, ಒಂದೊಂದನ್ನೂ ಪರೀಕ್ಷಿಸಿ, ಕೋಲ್ಡ್ ರೂಮಿನಲ್ಲಿ ಇಟ್ಟಿದ್ದಳು. ಹನ್ನೆರಡೂ ಹಳದಿ ತೋರಿಸಿದ್ದವು. ಈಗ ಕೊನೆಯ ಸಲ ನೋಡಿಬಿಡೋಣ ಎಂದು ತೆಗೆದರೆ ಮೂರು ನೇರಳೆ.

ಒಂಬತ್ತು ಸರಿಯಿವೆ, ಮೂರು ಕೆಟ್ಟಿವೆ. ಅವಳನ್ನು ಕಾಡಿದ್ದು ಅದೇ. ಎಲ್ಲವೂ ಒಂದೇ ದಿನ, ಒಂದೇ ಪಾತ್ರೆಯಿಂದ ತುಂಬಿದ್ದು. ಅಣುವಿನಲ್ಲೇ ದೋಷವಿದ್ದರೆ ಹನ್ನೆರಡೂ ಕೆಡಬೇಕಿತ್ತು. ಮೂರೇ ಮೂರು ತಾವಾಗಿ ಕೆಡಲು ಹೇಗೆ ಸಾಧ್ಯ?

ಅವಳು ಆ ಮೂರು ಸೀಸೆಗಳನ್ನು ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು. ಮುಚ್ಚಳದ ಸುತ್ತ ಗಾಳಿ ಹೋಗದಂತೆ ತೆಳ್ಳನೆಯ ಮೇಣದ ಪಟ್ಟಿ ಸುತ್ತುವುದು ಲ್ಯಾಬಿನ ರೂಢಿ. ಗಜಾಲಾ ಯಾವಾಗಲೂ ಬಲಕ್ಕೆ ಸುತ್ತುತ್ತಾಳೆ. ಪರೀಕ್ಷೆಗೆ ಹನಿ ತೆಗೆಯುವಾಗ ಅವಳು ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚುತ್ತಿದ್ದಳು, ಪಟ್ಟಿ ಬಿಚ್ಚುತ್ತಿರಲಿಲ್ಲ. ಒಂಬತ್ತು ಸೀಸೆಗಳ ಪಟ್ಟಿ ಬಲಕ್ಕೇ ಇತ್ತು. ಕೆಟ್ಟ ಮೂರರಲ್ಲಿ ಮಾತ್ರ ಎಡಕ್ಕೆ ಸುತ್ತಿತ್ತು.

ಲ್ಯಾಬಿನಲ್ಲಿ ಎಡಗೈಯವಳು ಒಬ್ಬಳೇ. ಸಂಯುಕ್ತಾ.

ಗಜಾಲಾ ಅಣು ಮಾಡುವವಳಾದರೆ ಸಂಯುಕ್ತಾ ಅದನ್ನು ನೋಡುವವಳು. ಇಲಿಗಳನ್ನು ಸ್ಕ್ಯಾನ್ ಮಾಡುವುದು, ದೀಪದ ಕೆಳಗೆ ಕ್ಯಾಮರಾದಲ್ಲಿ ಹೊಳಪು ಅಳೆಯುವುದು ಅವಳ ಕೆಲಸ. ನಾಲ್ಕು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದ್ದರು. ರಂಜಾನ್ ತಿಂಗಳಲ್ಲಿ ಗಜಾಲಾ ಉಪವಾಸವಿದ್ದರೆ ಸಂಯುಕ್ತಾ ತನ್ನ ಡಬ್ಬಿಯನ್ನು ಬೇರೆ ಕೋಣೆಗೆ ಒಯ್ದು ತಿನ್ನುತ್ತಿದ್ದಳು, ಬೇಡವೆಂದರೂ ಕೇಳುತ್ತಿರಲಿಲ್ಲ. ಅದೆಲ್ಲ ನವೆಂಬರಿನವರೆಗೆ. ನವೆಂಬರಿನ ಮೀಟಿಂಗಿನಲ್ಲಿ, ಲ್ಯಾಬಿನ ಮುಖ್ಯಸ್ಥ ಶಿವರಾಮ್ ಅವರ ಎದುರು, ಸಂಯುಕ್ತಾ ಒಂದು ಮಾತು ಎತ್ತಿದ್ದಳು. “ಅದೇ ಇಲೀನ ಎರಡನೇ ಸಲ ದೀಪದ ಕೆಳಗಿಟ್ರೆ ಹೊಳಪು ಕಮ್ಮಿ ಬರ್ತಿದೆ. ಯಾಕೆ ಅಂತ ನೋಡ್ಬೇಕು.” ಗಜಾಲಾ ಥಟ್ಟನೆ, “ಮೊದಲು ನಿನ್ನ ಕ್ಯಾಮರಾ ಸರಿ ಮಾಡ್ಕೊಳ್ಳೇ” ಎಂದುಬಿಟ್ಟಿದ್ದಳು. ನಾಲ್ಕಾರು ಜನ ನಕ್ಕಿದ್ದರು. ಅದಾದ ಮೇಲೆ ಪೇಟೆಂಟಿನ ಅರ್ಜಿ ಹೋಯಿತು. ಅದರಲ್ಲಿ ಗಜಾಲಾಳ ಹೆಸರಿತ್ತು, ಶಿವರಾಮ್ ಅವರ ಹೆಸರಿತ್ತು. ಸಂಯುಕ್ತಾಳದು ಇರಲಿಲ್ಲ. “ಅಣು ಮಾಡಿದೋರ ಹೆಸರು ಮಾತ್ರ ಸಾಕಂತೆ, ವಕೀಲ್ರು ಹೇಳಿದ್ರು” ಎಂದಿದ್ದರು ಶಿವರಾಮ್. ಗಜಾಲಾ ಸುಮ್ಮನಿದ್ದಳು. ಸಂಯುಕ್ತಾ ಕೂಡ ಏನೂ ಹೇಳಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಬರುವುದು ನಿಲ್ಲಿಸಿದ್ದಳು.

ಈಗ ಆ ಮೌನಕ್ಕೆ ಬೇರೆ ಅರ್ಥ ಬಂತು.

ಕೋಲ್ಡ್ ರೂಮಿನ ಬೀಗದಕೈ ಕದಿರಪ್ಪನ ಹತ್ತಿರ ಇರುತ್ತಿತ್ತು. ಹೆಸರಘಟ್ಟದ ಹತ್ತಿರದ ಹಳ್ಳಿಯವನು. ಸಂಸ್ಥೆ ಕಟ್ಟುವಾಗ ಇಟ್ಟಿಗೆ ಹೊತ್ತು, ಆಮೇಲೆ ಇಲ್ಲಿಯೇ ಕೆಲಸಕ್ಕೆ ನಿಂತವನು. ಗಜಾಲಾ ಅವನನ್ನು ಹುಡುಕಿಕೊಂಡು ಹೋದಾಗ ಇಲಿಮನೆಯ ಹಿಂದೆ ಬೋನುಗಳನ್ನು ತೊಳೆಯುತ್ತಿದ್ದ.

“ಕದಿರಪ್ಪ, ಕೋಲ್ಡ್ ರೂಮಿಗೆ ಯಾರ್ ಯಾರು ಬಂದಿದ್ರು, ಈ ತಿಂಗಳು?”

“ಎಲ್ರೂ ಬತ್ತಾರೆ ಮೇಡಮ್ಮೋರೆ. ಬೀಗ ತೆಗ್ಯೋದಷ್ಟೇ ನಂದು.”

“ನನ್ನ ಸೀಸೆ ಇರೋ ಕಡೆ?”

ಅವನು ಪೈಪನ್ನು ಪಕ್ಕಕ್ಕಿಟ್ಟು ಯೋಚಿಸಿದ. “ಸಂಯುಕ್ತಮ್ಮೋರು ಬಂದಿದ್ರು. ಒಂದ್ ದಪ ಅಲ್ಲ, ಮೂರ್ ನಾಕು ದಪ. ಇಂಗೆ ಕೋಟಿನ ಜೇಬಲ್ಲಿ ಆಕ್ಕೊಂಡು ಓಗೋರು. ಸಾಯಂಕಾಲ ತಂದು ಮಡಗೋರು. ಯಾಕಮ್ಮಾ, ಏನಾರ ಎಚ್ಚುಕಮ್ಮಿ ಆಯ್ತಾ?”

“ಏನಿಲ್ಲ. ನಾನು ಕೇಳಿದ್ದು ಅವಳಿಗೆ ಹೇಳ್ಬೇಡ.”

ಆ ಮಾತು ಬಾಯಿಂದ ಬಿದ್ದ ಮೇಲೆ ತಾನು ಎಷ್ಟು ದೂರ ಬಂದೆ ಎಂದು ಅವಳಿಗೇ ಅನ್ನಿಸಿತು. ಕದಿರಪ್ಪ ಅವಳ ಮುಖವನ್ನೇ ನೋಡಿ ತಲೆಯಾಡಿಸಿದ.

ಮೇಲಕ್ಕೆ ಬಂದು ಕೆಟ್ಟ ಸೀಸೆಗಳ ಆಮ್ಲೀಯತೆ ಅಳೆದಳು. ಆಮ್ಲ ಬಿದ್ದರೆ ಪಂಜರ ಒಡೆಯುತ್ತದೆ. ಕೆಡಿಸಬೇಕೆಂದವರು ಮಾಡುವುದು ಅದನ್ನೇ. ಅಳತೆ ಎಷ್ಟಿರಬೇಕೋ ಅಷ್ಟೇ ಇತ್ತು. ಬೇರೆ ದಿನವಾಗಿದ್ದರೆ ಇಲ್ಲಿಗೆ ನಿಂತು ಯೋಚಿಸುತ್ತಿದ್ದಳೇನೋ. ಆದರೆ ಅನುಮಾನಕ್ಕೆ ಎಲ್ಲವೂ ಸಾಕ್ಷಿಯೇ. ಆಮ್ಲ ಹಾಕಿ, ಆಮೇಲೆ ಕ್ಷಾರ ಹಾಕಿ ಸರಿಮಾಡಲು ಬಾರದಷ್ಟು ದಡ್ಡಳಲ್ಲ ಸಂಯುಕ್ತಾ ಎಂದುಕೊಂಡಳು. ಸೀಸೆಗಳ ಹೊಳಪು ಕೂಡ ತುಸು ಮಂಕಾಗಿತ್ತು. ಪಂಜರ ಒಡೆದ ಮೇಲೆ ಇನ್ನೇನು.

ಅಂದು ಸಂಜೆ ಆರ್.ಟಿ. ನಗರದ ಮನೆಯಲ್ಲಿ ಗಂಡ ನದೀಮನಿಗೆ ಎಲ್ಲ ಹೇಳಿದಳು. ನದೀಮನದು ಅಲ್ಲೇ ಮೇನ್ ರೋಡಿನಲ್ಲಿ ಕನ್ನಡಕದ ಅಂಗಡಿ. ಚಹಾ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡ.

“ಅವಳನ್ನೇ ಕೇಳಿಬಿಡು” ಎಂದ ತಮ್ಮ ದಖನಿ ಉರ್ದುವಿನಲ್ಲಿ.

“ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳೆ.”

“ನಾಲ್ಕು ವರ್ಷದ ಸ್ನೇಹಿತೆ ಗಜಾಲಾ. ಕಳ್ಳಿ ಅಲ್ಲ.”

“ಕಳ್ಳಿ ಅಲ್ಲದಿದ್ದರೆ ಜೇಬಿನಲ್ಲಿ ಹಾಕಿಕೊಂಡು ಹೋಗುವುದೇಕೆ?”

ನದೀಮ್ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದ. ಗಜಾಲಾಗೆ ಅದೂ ಒಪ್ಪಿಗೆಯಂತೆಯೇ ಕಂಡಿತು.

ಮಾರನೆಯ ದಿನದಿಂದ ಅವಳು ಕಣ್ಣಿಟ್ಟಳು. ತಾನು ಒಳಗೆ ಬಂದಾಗ ಸಂಯುಕ್ತಾ ಲ್ಯಾಪ್‌ಟಾಪನ್ನು ಅರ್ಧ ಮುಚ್ಚುವುದು ಕಂಡಿತು. ಹಸಿರು ರಟ್ಟಿನ ಒಂದು ಪುಸ್ತಕದಲ್ಲಿ ಏನೋ ಬರೆದುಕೊಂಡು ಚೀಲಕ್ಕೆ ಸೇರಿಸುವುದು ಕಂಡಿತು. ಲ್ಯಾಬಿನ ಪುಸ್ತಕಗಳೆಲ್ಲ ನೀಲಿ ರಟ್ಟಿನವು. ಒಮ್ಮೆ ಕಾರಿಡಾರಿನಲ್ಲಿ ಎದುರುಬದುರಾದಾಗ ಸಂಯುಕ್ತಾ ನಿಂತು, “ನಾಯಿ ಟ್ರಯಲ್ ಯಾವತ್ತು?” ಎಂದು ಕೇಳಿದಳು.

“ಯಾಕೆ?”

“ಸುಮ್ನೆ ಕೇಳ್ದೆ. ಅಷ್ಟು ಬೇಗ ಬೇಕಾ ಅಂತ.”

ಬೇಗ ಬೇಡ ಎನ್ನುವುದು ಯಾರಿಗೆ ಲಾಭ ಎಂದು ಗಜಾಲಾ ಇಡೀ ದಿನ ಲೆಕ್ಕ ಹಾಕಿದಳು.

ಅದೇ ವಾರ ಹೊಸದಾಗಿ ಎಂಟು ಸೀಸೆ ಮಾಡಿದಳು. ನಾಲ್ಕನ್ನು ಎಂದಿನ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು. ಇನ್ನು ನಾಲ್ಕನ್ನು ಮೇಲಿನ ಮಹಡಿಯ ಬೇರೆ ಲ್ಯಾಬಿನ ಫ್ರಿಜ್ಜಿನಲ್ಲಿ, ಬೀಗವಿರುವ ಉಕ್ಕಿನ ಡಬ್ಬಿಯಲ್ಲಿ ಇಟ್ಟು ಕೀಲಿಯನ್ನು ತನ್ನ ಕತ್ತಿನ ಸರಕ್ಕೆ ಪೋಣಿಸಿಕೊಂಡಳು. ಹತ್ತು ದಿನ ಕಳೆದು ಎಂಟನ್ನೂ ಪರೀಕ್ಷಿಸಿದಳು. ಬೀಗದೊಳಗಿನ ನಾಲ್ಕೂ ಹಳದಿ. ಹೊರಗಿಟ್ಟ ನಾಲ್ಕರಲ್ಲಿ ಎರಡು ನೇರಳೆ. ಆ ಎರಡರ ಪಟ್ಟಿ ಎಡಕ್ಕೆ ಸುತ್ತಿತ್ತು.

ಅವಳು ಕೊಳವೆಗಳ ಫೋಟೋ ತೆಗೆದು, ಪಟ್ಟಿಗಳ ಫೋಟೋ ತೆಗೆದು, ಕದಿರಪ್ಪ ಹೇಳಿದ್ದನ್ನು ಸೇರಿಸಿ, ಎರಡು ಪುಟದ ದೂರು ಬರೆದು ಶಿವರಾಮ್ ಅವರ ಮೇಜಿನ ಮೇಲಿಟ್ಟಳು.

ಶಿವರಾಮ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಇದು ದೊಡ್ಡ ಆರೋಪ ಕಣಮ್ಮ.”

“ಗೊತ್ತು ಸರ್.”

“ಸಂಯುಕ್ತನ್ನ ಕೇಳಿದ್ಯಾ?”

“ಕೇಳಿದ್ರೆ ಹೇಳ್ತಾಳಾ ಸರ್? ಇನ್ನು ಹದಿನೈದು ದಿನಕ್ಕೆ ಟ್ರಯಲ್ ಇದೆ. ಕೆಟ್ಟ ಸೀಸೆ ಒಂದು ನಾಯಿ ಮೈಗೆ ಹೋದ್ರೆ ಯಾರು ಜವಾಬ್ದಾರಿ?”

ಆ ಕೊನೆಯ ಮಾತು ಅವರನ್ನು ಅಲುಗಿಸಿತು. ಸಂಜೆಯೊಳಗೆ ಸಂಯುಕ್ತಾಳ ಕಾರ್ಡು ಬಾಗಿಲು ತೆಗೆಯುವುದನ್ನು ನಿಲ್ಲಿಸಿತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕು ಎಂಬ ಪತ್ರ ಕೈಗೆ ಬಂತು. ಅವಳು ತನ್ನ ಚೀಲ, ನೀರಿನ ಬಾಟಲಿ ತೆಗೆದುಕೊಂಡು ಹೊರಟಳು. ಗಜಾಲಾಳ ಮೇಜಿನ ಹತ್ತಿರ ಒಂದು ಕ್ಷಣ ನಿಂತಳು.

“ನನ್ನನ್ನೇ ಕೇಳ್ಬಹುದಿತ್ತಲ್ಲ” ಎಂದಳು. ಧ್ವನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಗಜಾಲಾ ತಲೆ ಎತ್ತಲಿಲ್ಲ. ಅಭಿನಯ ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದುಕೊಂಡಳು.

ಮುಂದಿನ ಸೋಮವಾರ ಯಲಹಂಕದ ಚಿಕಿತ್ಸಾಲಯದಲ್ಲಿ ಮೊದಲ ನಾಯಿಯ ಮನೆಯವರ ಜೊತೆ ಮಾತುಕತೆ ಇತ್ತು. ಪಶುವೈದ್ಯ ಡಾಕ್ಟರ್ ನರೇಂದ್ರ, “ಒಂದು ಸೀಸೆ ತಗೊಂಡ್ಬನ್ನಿ, ದೀಪ ಹಾಕಿ ತೋರ್ಸೋಣ. ನೋಡಿದ್ರೆ ಧೈರ್ಯ ಬರತ್ತೆ ಜನಕ್ಕೆ” ಎಂದಿದ್ದರು. ಗಜಾಲಾ ಬೀಗದ ಡಬ್ಬಿಯಿಂದ ಒಂದು ಸೀಸೆ ತೆಗೆದು, ಹೊರಡುವ ಮೊದಲು ಮತ್ತೊಮ್ಮೆ ಪರೀಕ್ಷಿಸಿ, ಐಸ್ ಡಬ್ಬಿಯಲ್ಲಿಟ್ಟು ಸ್ಕೂಟರಿನಲ್ಲಿ ತಾನೇ ಒಯ್ದಳು. ಈಗ ಯಾರನ್ನೂ ನಂಬುವ ಹಾಗಿರಲಿಲ್ಲ.

ನಾಯಿಯ ಹೆಸರು ಚಿನ್ನಿ. ಹನ್ನೊಂದು ವರ್ಷದ ಕಂದು ಬಣ್ಣದ ಬೀದಿನಾಯಿ. ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಡ್ಡೆ. ಸಾಕಿದವರು ಕೆಂಪಾಪುರದ ಮುನಿಕೃಷ್ಣಮ್ಮ. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು, ಈಗಲೂ ಅದೇ ಓಣಿಯಲ್ಲಿದ್ದವರು. ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು.

ಗಜಾಲಾ ಪರದೆ ಎಳೆದು ಕೋಣೆ ಕತ್ತಲು ಮಾಡಿ, ಸೀಸೆಗೆ ನೇರಳಾತೀತ ದೀಪ ಹಿಡಿದಳು. ನೀರಿನಂತಿದ್ದ ದ್ರವ ಕೆಂಡದಂತೆ ಕೆಂಪಾಯಿತು.

“ಅಯ್ ಶಿವನೇ” ಎಂದರು ಮುನಿಕೃಷ್ಣಮ್ಮ. “ಇದು ನಮ್ ಚಿನ್ನಿ ಒಳಗ್ ಓಗಿ ಇಂಗೇ ಉರಿತೈತಾ?”

“ಉರಿಯಲ್ಲಮ್ಮ, ಹೊಳಿಯತ್ತೆ ಅಷ್ಟೆ. ಗಡ್ಡೆ ಇರೋ ಕಡೆ ಮಾತ್ರ. ಡಾಕ್ಟ್ರಿಗೆ ಪೂರ್ತಿ ತೆಗೆಯೋಕೆ ಸುಲಭ ಆಗತ್ತೆ.”

“ಅದಕ್ಕೇನೂ ಆಗಕಿಲ್ಲ ತಾನೇ?”

“ಏನೂ ಆಗಲ್ಲ” ಎಂದಳು ಗಜಾಲಾ. “ನಾನೇ ಮಾಡಿರೋದು.”

ಮುನಿಕೃಷ್ಣಮ್ಮನಿಗೆ ಅದನ್ನು ನೋಡಿ ಸಾಕಾಗಲಿಲ್ಲ. ಹೊರಗೆ ಕೂತಿದ್ದ ತಂಗಿಯನ್ನು ಕರೆದು ತೋರಿಸಿದರು, ತಂಗಿಯ ಮಗಳಿಗೆ ತೋರಿಸಿದರು. ಚಿಕಿತ್ಸಾಲಯದ ಇಬ್ಬರು ನರ್ಸುಗಳೂ ಬಂದರು. ಡಾಕ್ಟರ್ ನರೇಂದ್ರ ತಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಮುಕ್ಕಾಲು ಗಂಟೆ ಸೀಸೆ ದೀಪದ ಕೆಳಗೇ ಇತ್ತು. ಮುನಿಕೃಷ್ಣಮ್ಮ ಕಾಗದಕ್ಕೆ ಸಹಿ ಹಾಕಿದರು.

ಲ್ಯಾಬಿಗೆ ಮರಳಿದ ಮೇಲೆ ಗಜಾಲಾ ಆ ಸೀಸೆಯನ್ನು ಡಬ್ಬಿಗೆ ಸೇರಿಸುವ ಮೊದಲು ಒಂದು ಹನಿ ತೆಗೆದು ಪರೀಕ್ಷೆಗೆ ಹಾಕಿದಳು. ಹಾಗೆ ಮಾಡಲು ಕಾರಣವೇನೂ ಇರಲಿಲ್ಲ. ಮೂರು ವಾರಗಳ ಅನುಮಾನ ಕೈಗೆ ಅಭ್ಯಾಸವಾಗಿತ್ತು, ಅಷ್ಟೆ.

ಹನಿ ನೇರಳೆಯಾಯಿತು.

ಅವಳು ಸ್ಟೂಲಿನ ಮೇಲೆ ಕೂತಳು. ಸೀಸೆ ಬೆಳಗಿನಿಂದ ಅವಳ ಕೈ ಬಿಟ್ಟಿರಲಿಲ್ಲ. ಡಬ್ಬಿ ಸ್ಕೂಟರಿನಲ್ಲಿ ಅವಳ ಕಾಲ ಹತ್ತಿರವೇ ಇತ್ತು. ಯಾರ ಮೇಲೆ ಅನುಮಾನ ಪಡಬಹುದೆಂದು ಒಬ್ಬೊಬ್ಬರನ್ನೇ ನೆನೆದಳು. ಡಾಕ್ಟರ್ ನರೇಂದ್ರ, ನರ್ಸುಗಳು, ಮುನಿಕೃಷ್ಣಮ್ಮನ ತಂಗಿ. ಮುಚ್ಚಳ ತೆರೆದೇ ಇರಲಿಲ್ಲ. ತಾನು ಸುತ್ತಿದ ಪಟ್ಟಿ ಬಲಕ್ಕೇ ಇತ್ತು. ಸಂಯುಕ್ತಾ ಸಂಸ್ಥೆಯ ಒಳಗೆ ಕಾಲಿಟ್ಟು ಐದು ದಿನವಾಗಿತ್ತು.

ಬೆಳಿಗ್ಗೆ ಹಳದಿ, ಈಗ ನೇರಳೆ. ನಡುವೆ ಆಗಿದ್ದು ಒಂದೇ. ದೀಪ.

ಆದರೂ ಸುಮ್ಮನೆ ನಂಬುವವಳಲ್ಲ. ಬೀಗದ ಡಬ್ಬಿಯಿಂದ ಇನ್ನೊಂದು ಸೀಸೆ ತಂದು ಆರು ಕೊಳವೆಗಳಿಗೆ ಹಂಚಿದಳು. ಒಂದಕ್ಕೆ ಬೆಳಕೇ ಇಲ್ಲ. ಉಳಿದವಕ್ಕೆ ಐದು ನಿಮಿಷ, ಹತ್ತು, ಇಪ್ಪತ್ತು, ನಲವತ್ತು, ಒಂದು ಗಂಟೆ. ಕೊನೆಗೆ ಸಾಲಾಗಿ ಪರೀಕ್ಷೆಯ ಹನಿ ಹಾಕಿದಳು. ಮೊದಲನೆಯದು ಹಳದಿ. ಎರಡನೆಯದು ಹಳದಿಯೋ ಕಿತ್ತಳೆಯೋ ಹೇಳಲಾಗದಂತಿತ್ತು. ಅಲ್ಲಿಂದ ಮುಂದೆ ಒಂದಕ್ಕಿಂತ ಒಂದು ಗಾಢವಾಗುತ್ತ ಹೋಗಿ ಆರನೆಯದು ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು.

ಬೆಳಕು ಹಿಡಿಯಲೆಂದು ಅವಳೇ ಜೋಡಿಸಿದ ತೋಳು, ಹಿಡಿದ ಬೆಳಕಿನಿಂದಲೇ ಮುರಿಯುತ್ತಿತ್ತು. ಮುರಿಯುವಾಗ ಪಂಜರವನ್ನೂ ಎಳೆದುಕೊಂಡು ಹೋಗುತ್ತಿತ್ತು. ಡಾಕ್ಟರು ಹೊಟ್ಟೆ ಕೊಯ್ದು ದೀಪ ಹಿಡಿದ ಗಳಿಗೆಯಲ್ಲೇ ವಿಷ ಬಿಡುಗಡೆಯಾಗುತ್ತಿತ್ತು.

ವಿದ್ಯಾರಣ್ಯಪುರದಲ್ಲಿ ಸಂಯುಕ್ತಾಳ ಮನೆ ಬಸ್ ಸ್ಟಾಪಿನಿಂದ ಎರಡನೇ ಅಡ್ಡರಸ್ತೆಯಲ್ಲಿತ್ತು. ಗಜಾಲಾ ಹಿಂದೆ ಎಷ್ಟೋ ಸಲ ಕರೆಯದೆಯೇ ಒಳಗೆ ಹೋದ ಮನೆ. ಇಂದು ಗೇಟಿನ ಹೊರಗೆ ನಿಂತು ಬೆಲ್ ಒತ್ತಿದಳು. ಸಂಯುಕ್ತಾ ಬಂದು ಗೇಟಿನ ಚಿಲಕ ತೆಗೆಯದೆ ಒಳಗೇ ನಿಂತಳು.

“ಏನು? ಇನ್ನೂ ಏನಾದ್ರೂ ಸಾಕ್ಷಿ ಬೇಕಾಗಿತ್ತಾ?”

“ದೀಪ” ಎಂದಳು ಗಜಾಲಾ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಮರೆತುಹೋಗಿತ್ತು. “ದೀಪ ಹಿಡಿದ್ರೆ ಲೋಹ ಹೊರಗ್ ಬರ್ತಿದೆ ಸಂಯುಕ್ತಾ. ನೀನು ಏನೂ ಹಾಕಿಲ್ಲ. ನೀನು ಬರೀ ದೀಪದ ಕೆಳಗಿಟ್ಟಿದ್ದೆ, ಅಲ್ವಾ?”

ಸಂಯುಕ್ತಾ ಬಹಳ ಹೊತ್ತು ಅವಳನ್ನು ನೋಡಿದಳು. ಇದು ಹೊಸ ಬಲೆಯೋ ಎಂದು ಅಳೆಯುತ್ತಿದ್ದಾಳೆಂದು ಗಜಾಲಾಗೆ ತಿಳಿಯಿತು. ತಾನು ಕಾರಿಡಾರಿನಲ್ಲಿ ಅವಳನ್ನು ನೋಡುತ್ತಿದ್ದುದೂ ಹೀಗೆಯೇ ಇರಬೇಕು.

“ಲೋಹ ಹೊರಗ್ ಬರ್ತಿದೆ ಅಂತ ಯಾರ್ ಹೇಳಿದ್ರು?”

ಗಜಾಲಾ ಮೊಬೈಲ್ ತೆಗೆದು ಆರು ಕೊಳವೆಗಳ ಚಿತ್ರವನ್ನು ಗೇಟಿನ ಸರಳುಗಳ ನಡುವಿನಿಂದ ತೋರಿಸಿದಳು. ಸಂಯುಕ್ತಾ ನೋಡಿದಳು. ಆಮೇಲೆ ಚಿಲಕ ತೆಗೆದಳು.

ಹಸಿರು ರಟ್ಟಿನ ಪುಸ್ತಕ ಊಟದ ಮೇಜಿನ ಮೇಲೆಯೇ ಇತ್ತು. ಅದರಲ್ಲಿ ಪುಟಗಟ್ಟಲೆ ಗ್ರಾಫುಗಳು. ಗಂಟೆ ಕಳೆದಂತೆ ಇಳಿಯುವ ಹೊಳಪು. ನವೆಂಬರಿನಿಂದ ಅವಳು ಒಬ್ಬಳೇ ಅಳೆಯುತ್ತ ಬಂದಿದ್ದಳು. ಬೆಳಿಗ್ಗೆ ಸೀಸೆ ಒಯ್ಯುವುದು, ದೀಪದ ಕೆಳಗಿಡುವುದು, ಆಗಾಗ ಮುಚ್ಚಳ ತೆರೆದು ಒಂದು ಹನಿ ತೆಗೆದು ಅಳೆಯುವುದು, ಸಂಜೆ ಮತ್ತೆ ಪಟ್ಟಿ ಸುತ್ತಿ ಇಡುವುದು.

“ಬಣ್ಣ ಮಾಸ್ತಿದೆ ಅಷ್ಟೇ ಅಂದ್ಕೊಂಡಿದ್ದೆ” ಎಂದಳು. “ಲೋಹ ಬಿಡತ್ತೆ ಅಂತ ಗೊತ್ತಿದ್ರೆ ಸೀಸೆ ವಾಪಸ್ ಇಡ್ತಿದ್ನಾ? ಹೇಳ್ದೆ ತಗೊಂಡಿದ್ದು, ವಾಪಸ್ ಇಟ್ಟಿದ್ದು ನನ್ ತಪ್ಪೇ. ಒಪ್ಕೋತೀನಿ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ಎಲ್ರ ಮುಂದೆ. ನೀನು ಏನಂದೆ?”

ಗಜಾಲಾ ಪುಸ್ತಕದ ಪುಟ ತಿರುವಿದಳು.

“ಆಮೇಲೆ ನಂಗೊಂದು ಅನುಮಾನ ಬಂತು” ಎಂದಳು ಸಂಯುಕ್ತಾ. ಮಾತು ಮೆಲ್ಲಗಾಯಿತು. “ನಿಂಗೆ ಇದೆಲ್ಲ ಮೊದ್ಲೇ ಗೊತ್ತು, ಪೇಟೆಂಟು ಕೆಡತ್ತೆ ಅಂತ ಮುಚ್ಚಿಡ್ತಿದೀಯ ಅಂತ. ನನ್ನ ಹೆಸರು ಬಿಟ್ಟಿದ್ದೂ ಅದಕ್ಕೇ ಅಂತ. ಅದಕ್ಕೆ ಪೂರ್ತಿ ಸಾಕ್ಷಿ ಕೂಡಿಸ್ಕೊಂಡು ನೇರ ಸಮಿತಿಗೇ ಕೊಡೋಣ ಅಂತಿದ್ದೆ. ನಾನು ನಿನ್ ಮೇಲೆ ದೂರು ಬರೀತಿದ್ದೆ ಕಣೇ. ನೀನೇ ಮೊದ್ಲು ಬರ್ದೆ, ಅಷ್ಟೆ ವ್ಯತ್ಯಾಸ.”

ಒಳಗೆ ಎಲ್ಲೋ ಕುಕ್ಕರ್ ಕೂಗಿತು. ಗಜಾಲಾ ಪೆನ್ನು ತೆಗೆದುಕೊಂಡು, ಸಂಯುಕ್ತಾಳ ಗ್ರಾಫಿನ ಮೇಲೆ ತನ್ನ ಆರು ಕೊಳವೆಗಳನ್ನು ಒಂದೊಂದಾಗಿ ಗುರುತಿಸಿದಳು. ಹೊಳಪು ಎಷ್ಟೆಷ್ಟು ಇಳಿದಿತ್ತೋ ಲೋಹ ಅಷ್ಟಷ್ಟು ಹೊರಗೆ ಬಂದಿತ್ತು. ಒಬ್ಬಳಿಗೆ ಒಂದು ಗೆರೆ ಗೊತ್ತಿತ್ತು, ಇನ್ನೊಬ್ಬಳಿಗೆ ಇನ್ನೊಂದು.

“ಮೂರು ತಿಂಗಳ ಹಿಂದೆನೇ ಇದು ಗೊತ್ತಾಗ್ತಿತ್ತು” ಎಂದಳು ಸಂಯುಕ್ತಾ.

ಮಾರನೆಯ ಬೆಳಿಗ್ಗೆ ಇಬ್ಬರೂ ಶಿವರಾಮ್ ಅವರ ಕೋಣೆಗೆ ಹೋದರು. ಒಳಗೆ ಬರಲು ಸಂಯುಕ್ತಾಳಿಗೆ ಗೇಟಿನಲ್ಲಿ ಅತಿಥಿಯ ಚೀಟಿ ಬರೆಸಬೇಕಾಯಿತು. ಶಿವರಾಮ್ ಎಲ್ಲ ಕೇಳಿ ಕುರ್ಚಿಗೆ ಒರಗಿದರು. ನಾಯಿಗಳ ಟ್ರಯಲ್ಲಿಗೆ ಒಂಬತ್ತೇ ದಿನ ಉಳಿದಿತ್ತು. ಹಣ ಕೊಟ್ಟಿದ್ದ ದಿಲ್ಲಿಯ ಸಂಸ್ಥೆಯಿಂದ ನೋಡಲು ಬರುವವರಿಗೆ ಟಿಕೆಟ್ಟೂ ಆಗಿತ್ತು.

“ದೀಪ ಬಿಟ್ಬಿಡೋಣ” ಎಂದರು. “ಬರೀ ಎಂಆರ್‌ಐ ಮಾಡೋಣ. ಕತ್ತಲಲ್ಲಿ ಅಣು ಗಟ್ಟಿಯಾಗಿದೆ ಅಂತ ನೀವೇ ಹೇಳ್ತಿದೀರಲ್ಲ.”

ಒಂದು ಕ್ಷಣ ಗಜಾಲಾಗೆ ಅದು ಸರಿಯೆನಿಸಿತು. ಐದು ವರ್ಷ ಆ ಒಂದು ಕ್ಷಣದಲ್ಲಿ ತೂಗುತ್ತಿತ್ತು.

“ಆಪರೇಷನ್ ಥಿಯೇಟರ್ ಲೈಟಿಗೆ ಏನಾಗತ್ತೆ ಅಂತ ನೋಡಿಲ್ಲ ಸರ್” ಎಂದಳು ಸಂಯುಕ್ತಾ.

“ಬಿಸಿಲಿಗೂ ನೋಡಿಲ್ಲ” ಎಂದಳು ಗಜಾಲಾ. “ಗೊತ್ತಿಲ್ದೆ ಕೊಡೋಕೆ ಆಗಲ್ಲ ಸರ್. ಟ್ರಯಲ್ ನಿಲ್ಸಿ. ದೂರು ವಾಪಸ್ ತಗೋತೀನಿ, ಅದ್ರಲ್ಲಿ ಬರ್ದಿದ್ದು ತಪ್ಪು ಅಂತಾನೂ ಬರ್ದು ಕೊಡ್ತೀನಿ.”

ಶಿವರಾಮ್ ಒಪ್ಪಲು ಮಧ್ಯಾಹ್ನವಾಯಿತು. ಕಡೆಗೆ ದಿಲ್ಲಿಗೆ ಫೋನು ಮಾಡಿದವರು ಅವರೇ.

ಸೋಮವಾರದ ಮೀಟಿಂಗಿನಲ್ಲಿ ಗಜಾಲಾ ಎದ್ದು ನಿಂತು ನಡೆದದ್ದನ್ನು ಎಲ್ಲರ ಮುಂದೆ ಹೇಳಿದಳು. ಕ್ಯಾಮರಾದ ಮಾತನ್ನೂ ಬಿಡಲಿಲ್ಲ. ಈ ಸಲ ಯಾರೂ ನಗಲಿಲ್ಲ. ಮೀಟಿಂಗ್ ಮುಗಿದ ಮೇಲೆ ಸಂಯುಕ್ತಾ ಹತ್ತಿರ ಬಂದು, “ಕ್ಷಮಿಸಿದೀನಿ ಅಂತ ಈಗ್ಲೇ ಹೇಳಲ್ಲ. ಸುಳ್ಳಾಗತ್ತೆ” ಎಂದಳು. “ಕೆಲಸ ಮಾತ್ರ ಮಾಡೋಣ.” ಅವಳು ತನ್ನ ಮೇಜನ್ನು ಕಿಟಕಿಯ ಆಚೆ ಬದಿಗೆ ಸರಿಸಿಕೊಂಡಳು. ಮಧ್ಯಾಹ್ನ ಇಬ್ಬರೂ ಬೇರೆ ಬೇರೆಯೇ ಉಣ್ಣುತ್ತಿದ್ದರು. ಹೊಸ ಪೇಟೆಂಟ್ ಅರ್ಜಿಯಲ್ಲಿ ಮೂರು ಹೆಸರಿರಬೇಕೆಂದು ಗಜಾಲಾ ಬರೆದುಕೊಟ್ಟಳು. ವಕೀಲರು ಮತ್ತೆ ಏನೋ ಅಂದರು, ಅವಳು ಪಟ್ಟು ಬಿಡಲಿಲ್ಲ.

ಮುನಿಕೃಷ್ಣಮ್ಮನಿಗೆ ಡಾಕ್ಟರ್ ನರೇಂದ್ರ ಫೋನಿನಲ್ಲಿ ತಿಳಿಸಿದ್ದರು. ಚಿನ್ನಿಗೆ ಎಂದಿನ ರೀತಿಯಲ್ಲೇ ಆಪರೇಷನ್ ಮಾಡಿದರು. ಆದರೂ ತಾನೇ ಹೋಗಿ ಹೇಳಬೇಕೆಂದು ಗಜಾಲಾಗೆ ಅನ್ನಿಸುತ್ತಿತ್ತು. ಮಾರ್ಚಿನ ಮೊದಲ ಶನಿವಾರ ಹೊರಟಾಗ ಸಂಯುಕ್ತಾ, “ನಾನೂ ಬರ್ತೀನಿ” ಎಂದಳು. ಏಕೆಂದು ಗಜಾಲಾ ಕೇಳಲಿಲ್ಲ.

ಕೆಂಪಾಪುರದ ಓಣಿಯಲ್ಲಿ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹೆಂಚಿನ ಮನೆಯ ಜಗುಲಿಯ ಮೇಲೆ ಚಿನ್ನಿ ಹೊಟ್ಟೆಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿತ್ತು. ಮುನಿಕೃಷ್ಣಮ್ಮ ಇಬ್ಬರನ್ನೂ ಕೂರಿಸಿದರು, ಆದರೆ ನಗಲಿಲ್ಲ.

“ಏನೂ ಆಗಕಿಲ್ಲ ಅಂದಿದ್ರಿ ನೀವು” ಎಂದರು ಗಜಾಲಾಳಿಗೆ. “ನಾನೇ ಮಾಡಿರೋದು ಅಂದಿದ್ರಿ.”

“ಹೌದಮ್ಮ. ತಪ್ಪು ಹೇಳಿದ್ದೆ. ನಂಗೇ ಗೊತ್ತಿರ್ಲಿಲ್ಲ.”

“ಗೊತ್ತಿಲ್ದೆ ಎಂಗೆ ಏಳಿದ್ರಿ?”

ಮುನಿಕೃಷ್ಣಮ್ಮ ನಾಯಿಯ ಕಿವಿ ಸವರಿದರು. “ಡಾಕ್ಟ್ರು ಎಲ್ಲ ತೆಗ್ದಿವ್ನಿ ಅಂತಾರೆ. ಒಂಚೂರು ಉಳ್ಕಂಡಿದ್ರೂ ಉಳ್ಕಂಡಿರ್ಬೋದು, ಕಣ್ಣಿಗ್ ಕಾಣಕಿಲ್ಲ ಅಂತಾನೂ ಅಂತಾರೆ. ನಿಮ್ ಕೆಂಪುದೀಪ ಇದ್ದಿದ್ರೆ ಕಾಣ್ತಿತ್ತಾ?”

“ಕಾಣ್ತಿತ್ತು” ಎಂದಳು ಗಜಾಲಾ. “ಆದ್ರೆ ಜೊತೇಲಿ ವಿಷಾನೂ ಹೋಗ್ತಿತ್ತು.”

“ಮಾಡಿ ಮತ್ತೆ, ವಿಷ ಇಲ್ದಿರಂಗೆ” ಎಂದು ಅವರು ಕಾಫಿ ತರಲು ಎದ್ದರು. ಕ್ಷಮೆಯೋ ಬೈಗುಳವೋ ಹೇಳಲಾಗುವಂತಿರಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ನಿಂತಲ್ಲೇ ನಿಂತಿದ್ದವು. ಸ್ಕೂಟರಿನ ಹಿಂದೆ ಕೂತಿದ್ದ ಸಂಯುಕ್ತಾ ಮುಂದಕ್ಕೆ ಬಾಗಿ ಹೆಲ್ಮೆಟ್ಟಿನ ಹತ್ತಿರ ಗಟ್ಟಿಯಾಗಿ ಹೇಳಿದಳು.

“ಆ ತೋಳನ್ನ ಪಂಜರಕ್ಕೇ ಯಾಕೆ ಕಟ್ಬೇಕು? ನಡುವೆ ಒಂದು ಕೊಂಡಿ ಇಟ್ಟು ದೂರ ಕೂರ್ಸಿದ್ರೆ? ತೋಳು ಮುರಿದ್ರೂ ಪಂಜರ ಉಳಿಯತ್ತಲ್ಲ.”

“ದೂರ ಆದ್ರೆ ಹೊಳಪು ಕಮ್ಮಿ ಆಗತ್ತೆ.”

“ಎಷ್ಟು ಕಮ್ಮಿ ಅಂತ ನಾನು ಅಳೀತೀನಿ. ಕ್ಯಾಮರಾ ಸರಿಯಾಗೇ ಇದೆ.”

ಗಜಾಲಾಗೆ ನಗು ಬಂತು, ಅಳುವೂ ಬಂತು. ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ಅವಳು ಗಾಡಿಯನ್ನು ಎರಡು ಅಡಿ ಮುಂದೆ ಬಿಟ್ಟು ಮತ್ತೆ ನಿಲ್ಲಿಸಿ, ಕೊಂಡಿ ಎಷ್ಟು ಉದ್ದವಿರಬೇಕೆಂದು ಕೇಳಿದಳು.